ಮಗು ನಿಜವಾಗ್ಲೂ ಅಷ್ಟು ಚುರುಕಾ? ಅಳೆದು ನೋಡುವುದು ಹೀಗೆ

"ನಮ್ಮ ಮಗು ಒಂದು ನಿಮಿಷ ಕೂತಲ್ಲಿ ಕೂರಲ್ಲ" ಎನ್ನದ ಅಪ್ಪ ಅಮ್ಮ ಕಡಿಮೆ. ಅದು ಅಳತೆಯಲ್ಲ, ಹೆತ್ತವರ ಸುಸ್ತು ಆಡಿಸುವ ಮಾತು. ಅಳೆಯಬೇಕೆಂದರೆ ಮಗು ಏನು ಮಾಡಿತು, ಎಷ್ಟು ಸಲ ಮಾಡಿತು ಎಂದು ನೋಡಬೇಕು.

ಮೊದಲು ಯಾವುದನ್ನು ನೋಡುತ್ತೀರಿ ಎಂದು ಗೊತ್ತುಮಾಡಿಕೊಳ್ಳಿ. 1956ರಲ್ಲಿ ನ್ಯೂಯಾರ್ಕ್‌ನಲ್ಲಿ ಅಧ್ಯಯನ ಶುರುಮಾಡಿದ ಮನೋವೈದ್ಯರಾದ ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ಮಕ್ಕಳ ಸ್ವಭಾವವನ್ನು 9 ಅಂಶಗಳಾಗಿ ಬಿಡಿಸಿದರು. ಚಟುವಟಿಕೆ ಅದರಲ್ಲಿ ಒಂದು ಮಾತ್ರ. ಹಸಿವು ನಿದ್ದೆಯ ಕ್ರಮ, ಹೊಸಬರನ್ನು ಕಂಡಾಗ ಹತ್ತಿರ ಹೋಗುವುದೋ ಹಿಂಜರಿಯುವುದೋ, ಹಿಡಿದ ಕೆಲಸ ಬಿಡದಿರುವುದು, ಇವೆಲ್ಲ ಬೇರೆ ಬೇರೆ. ಮನೆಯೆಲ್ಲ ಓಡಾಡುವ ಮಗು ಹೊಸಬರ ಮುಂದೆ ಮುದುಡಿಕೊಳ್ಳಬಹುದು.

ನಂತರ ಒಂದು ವಾರ ಬರೆದಿಡಿ. ದಿನವಿಡೀ ಬೇಡ, ಯಾರಿಗೂ ಆಗದ ಕೆಲಸ ಅದು. ಸ್ನಾನ, ಊಟ, ಬಟ್ಟೆ ಹಾಕುವ ಹೊತ್ತು ಸಾಕು. "ತುಂಬಾ ಗಲಾಟೆ" ಎಂದು ಬರೆಯಬೇಡಿ. "ಬಟ್ಟೆ ಹಾಕುವಾಗ ಕಾಲು ಒದೆಯಿತು, ಎರಡು ಸಲ ಮಗುಚಿಕೊಂಡಿತು" ಎಂದು ಬರೆಯಿರಿ. ಮನಶ್ಶಾಸ್ತ್ರಜ್ಞೆ ಮೇರಿ ರೋತ್‌ಬಾರ್ಟ್ 1981ರಲ್ಲಿ ಪ್ರಕಟಿಸಿದ ಶಿಶುಗಳ ಪ್ರಶ್ನಾವಳಿಯ ಜಾಣತನವೂ ಇಲ್ಲೇ ಇದೆ. ಮಗು ಎಂಥದ್ದು ಎಂದು ಅದು ಕೇಳುವುದಿಲ್ಲ. ಇತ್ತೀಚಿನ ದಿನಗಳಲ್ಲಿ ಇಂಥ ಹೊತ್ತಲ್ಲಿ ಹೀಗೆ ಎಷ್ಟು ಸಲ ಮಾಡಿತು ಎಂದು ಕೇಳುತ್ತದೆ. "ಒಮ್ಮೆಯೂ ಇಲ್ಲ" ಎಂದರೆ 1, "ಯಾವಾಗಲೂ" ಎಂದರೆ 7. ಆ ಸಂದರ್ಭವೇ ಬರದಿದ್ದರೆ ಆ ಪ್ರಶ್ನೆಯನ್ನು ಲೆಕ್ಕದಿಂದ ಬಿಡಬೇಕು. ಸುಮ್ನೆ 1 ಹಾಕಿದರೆ ಸರಾಸರಿ ಕೆಡುತ್ತದೆ.

ಪ್ರಶ್ನಾವಳಿಯನ್ನು ಇನ್ನೊಬ್ಬರ ಕೈಲೂ ತುಂಬಿಸಿ, ಮಾತಾಡಿಕೊಳ್ಳದೆ. ಅಪ್ಪನದ್ದು ಒಂದು, ಟೀಚರದ್ದು ಇನ್ನೊಂದು ಎಂದು ಬಂದರೆ ಜಗಳ ಬೇಡ. ಮಗು ಎರಡು ಕಡೆ ಎರಡು ಥರ ಇರಬಹುದು ಅಲ್ವಾ?

ಯಂತ್ರವೂ ಉಂಟು. ಹಿಂದೆ ಕೈಗಡಿಯಾರವನ್ನೇ ಬದಲಾಯಿಸಿ ಮಗುವಿನ ಕೈಕಾಲಿಗೆ ಕಟ್ಟುತ್ತಿದ್ದರು. ಈಗ ಸೊಂಟಕ್ಕೋ ಮಣಿಕಟ್ಟಿಗೋ ಆಕ್ಸೆಲರೋಮೀಟರ್, ಅಂದರೆ ಮೈಯ ಅಲುಗಾಟ ಅಳೆಯುವ ಪುಟ್ಟ ಸಾಧನ, ಕಟ್ಟುತ್ತಾರೆ. ಓಟ, ಜಿಗಿತವನ್ನು ಅದು ಚೆನ್ನಾಗಿ ಹಿಡಿಯುತ್ತದೆ. ಆದರೆ ಸೊಂಟದಲ್ಲಿದ್ದರೆ ಸೈಕಲ್ ತುಳಿಯುವುದು, ಕೂತು ಕೈಬೀಸುವುದು ಸರಿಯಾಗಿ ಲೆಕ್ಕಕ್ಕೆ ಬರುವುದಿಲ್ಲ. ಸಿಟ್ಟಿಗೆ ಓಡಿತೋ ಖುಷಿಗೆ ಓಡಿತೋ ಎಂದೂ ಅದು ಹೇಳದು.

ಜ್ವರ ಬಂದ ವಾರವನ್ನು ಬಿಟ್ಟುಬಿಡಿ. ಅಂಕ ಜಾಸ್ತಿ ಬಂತೆಂದು ಕಾಯಿಲೆಯ ಹೆಸರು ಅಂಟಿಸಬೇಡಿ, ಅದನ್ನು ಹೇಳಬೇಕಾದವರು ವೈದ್ಯರು. ಕೆಲವು ತಿಂಗಳಾದ ಮೇಲೆ ಮತ್ತೆ ನೋಡುವುದಾದರೆ ವಯಸ್ಸಿಗೆ ತಕ್ಕ ಪ್ರಶ್ನೆಗಳನ್ನೇ ಬಳಸಿ. ಶಿಶುಗಳಿಗೆ ಒಂದು, 18ರಿಂದ 36 ತಿಂಗಳಿನವರಿಗೆ ಇನ್ನೊಂದು, 3ರಿಂದ 7 ವರ್ಷದವರಿಗೆ ಮತ್ತೊಂದು ಪ್ರಶ್ನಾವಳಿ ಇದೆ.