ಮೈಸೂರು ರೈಲು ಮ್ಯೂಸಿಯಂನಲ್ಲಿ ಉಗಿ ಎಂಜಿನ್ ನೋಡುವುದು ಹೇಗೆ

ನಮ್ಮಪ್ಪ ಮೀಟರ್‌ಗೇಜ್ (ಹಳಿಗಳ ನಡುವೆ ಒಂದು ಮೀಟರ್ ಅಂತರ) ಎಂಜಿನ್‌ಗಳಲ್ಲಿ ಫೈರ್‌ಮನ್, ಅಂದರೆ ಬೆಂಕಿಗೆ ಕಲ್ಲಿದ್ದಲು ಹಾಕುವವರು, ಆಗಿದ್ದರು. ಹಾಗಾಗಿ ಮೈಸೂರಿನ ರೈಲು ಮ್ಯೂಸಿಯಂಗೆ ಬಂದವರು ಎಂಜಿನ್ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹತ್ತೇ ನಿಮಿಷಕ್ಕೆ ಹೊರಟುಬಿಟ್ಟರೆ ನನಗೆ ಬೇಜಾರಾಗುತ್ತದೆ. ಎರಡು ಗಂಟೆ ಇಟ್ಟುಕೊಂಡು ಬನ್ನಿ.

ಜಾಗ ಹುಡುಕುವುದು ಸುಲಭ. ರೈಲು ನಿಲ್ದಾಣದ ಹತ್ತಿರ, ಕೆಆರ್‌ಎಸ್ ರಸ್ತೆಯಲ್ಲಿ, ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಎದುರು. 1979ರಲ್ಲಿ ಶುರುವಾಯಿತು. ಎಂಜಿನ್‌ಗಳು ಬಯಲಲ್ಲೇ ನಿಂತಿವೆ, ಅದಕ್ಕೇ ಬೆಳಗ್ಗೆಯೇ ಹೋಗಿ. ಒಮ್ಮೆ ಏಪ್ರಿಲ್ ತಿಂಗಳ ಮಧ್ಯಾಹ್ನ ಮಗನನ್ನು ಕರೆದುಕೊಂಡು ಹೋಗಿದ್ದೆ. ಕಬ್ಬಿಣದ ಹಿಡಿ ಹಿಡಿದವನೇ ಕಿರುಚಿಕೊಂಡ. ಅಂಗೈ ಕೆಂಪಾಗಿತ್ತು.

ಮೊದಲು ಚಕ್ರ ಎಣಿಸಿ. ಒಂದೇ ಪಕ್ಕದಿಂದ ನೋಡಿ, ಎಣಿಸಿದ್ದನ್ನು ಎರಡರಿಂದ ಗುಣಿಸಿ. ಮುಂದೆ ಎರಡು ಸಣ್ಣವು, ನಡುವೆ ಮೂರು ದೊಡ್ಡವು, ಹಿಂದೆ ಒಂದು ಇದ್ದರೆ ಅದು 4-6-2. ಮೀಟರ್‌ಗೇಜ್‌ನಲ್ಲಿ ಪ್ಯಾಸೆಂಜರ್ ಗಾಡಿ ಎಳೆಯುತ್ತಿದ್ದ ವೈಪಿ ಎಂಜಿನ್‌ಗಳು ಇದೇ ಜಾತಿ. ಮುಂದಿನ ಸಣ್ಣ ಚಕ್ರಗಳು ತಿರುವಿನಲ್ಲಿ ದಾರಿ ಹಿಡಿಸುತ್ತವೆ. ನಡುವಿನ ದೊಡ್ಡವು ಎಳೆಯುತ್ತವೆ. ಹಿಂದಿನವು ಬೆಂಕಿಗೂಡಿನ, ಅಂದರೆ ಕಲ್ಲಿದ್ದಲು ಉರಿಯುವ ಪೆಟ್ಟಿಗೆಯ, ಭಾರ ಹೊರುತ್ತವೆ. ಹೆಸರಲ್ಲಿ ವೈ ಅಂದರೆ ಮೀಟರ್‌ಗೇಜ್, ಡಬ್ಲ್ಯು ಅಂದರೆ ಅದಕ್ಕಿಂತ ಅಗಲ ಹಳಿಯ ಬ್ರಾಡ್‌ಗೇಜ್. ಪಿ ಅಂದರೆ ಪ್ಯಾಸೆಂಜರ್, ಜಿ ಅಂದರೆ ಗೂಡ್ಸ್. ಇಷ್ಟು ಗೊತ್ತಿದ್ದರೆ ಬೋರ್ಡ್ ಓದುವಾಗ ಖುಷಿ ಜಾಸ್ತಿ.

ಆಮೇಲೆ ಉಗಿ ಹೋದ ದಾರಿಯಲ್ಲೇ ನೀವೂ ನಡೆಯಿರಿ. ಶುರು ಮಾಡಬೇಕಾದದ್ದು ಹಿಂದಿನಿಂದ, ಡ್ರೈವರ್ ನಿಲ್ಲುವ ಜಾಗದಿಂದ. ಹತ್ತಲು ಬಿಡುವ ಎಂಜಿನ್ ಇದ್ದರೆ ಹತ್ತಿ, ಇಲ್ಲದಿದ್ದರೆ ಕೆಳಗಿನಿಂದಲೇ ಇಣುಕಿ. ಕೆಳಗಡೆ ಕಲ್ಲಿದ್ದಲು ಎರಚುವ ಬಾಗಿಲಿದೆ. ಸುಮ್ನೆ ನಡುವಿಗೆ ಸುರಿದರೆ ಬೆಂಕಿ ಸಾಯುತ್ತದೆ, ಬಾಗಿಲ ಪಕ್ಕದ ಮೂಲೆಗಳಲ್ಲಿ ದಪ್ಪಗೆ, ಮುಂದೆ ಹೋದಂತೆ ತೆಳ್ಳಗೆ ಹರಡಬೇಕು ಎನ್ನುತ್ತಿದ್ದರು ಅಪ್ಪ. ಓಡುವ, ಕುಲುಕುವ ಎಂಜಿನ್‌ನಲ್ಲಿ ಸಲಿಕೆ ಹಿಡಿದು ಅಷ್ಟು ಗುರಿ ಇಡಬೇಕಿತ್ತು.

ಬಾಗಿಲ ಮೇಲ್ಗಡೆ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ ಹುಡುಕಿ. ಗಾಜು ಇಲ್ಲದಿದ್ದರೆ ಅದನ್ನು ಹಿಡಿದಿಡುತ್ತಿದ್ದ ಲೋಹದ ಕಟ್ಟನ್ನಾದರೂ ನೋಡಿ. ಇಡೀ ಎಂಜಿನ್‌ನಲ್ಲಿ ಅಪ್ಪ ಅತಿ ಹೆಚ್ಚು ನೋಡಿದ್ದು ಇದನ್ನೇ. ನೀರು ಇಳಿದು ಬೆಂಕಿಗೂಡಿನ ಚಾವಣಿ ಬರಿದಾದರೆ ಬಾಯ್ಲರ್ ಸಿಡಿಯಬಹುದು. ಅದಕ್ಕೇ ಚಾವಣಿಯಲ್ಲಿ ಸೀಸದ ಬೆಣೆ ಇಡುತ್ತಿದ್ದರು. ನೀರು ತೀರಾ ಕಡಿಮೆಯಾದರೆ ಸೀಸ ಕರಗಿ, ಆ ತೂತಿನಿಂದ ಉಗಿ ನುಗ್ಗಿ ಅಪಾಯದ ಸುದ್ದಿ ಮುಟ್ಟಿಸುತ್ತಿತ್ತು.

ಈಗ ಕೆಳಗಿಳಿದು ಮುಂದೆ ಬನ್ನಿ. ಉದ್ದನೆ ಬಾಯ್ಲರ್ ಒಳಗೆ ಕೊಳವೆಗಳಿವೆ, ಬಿಸಿ ಹೊಗೆ ಅವುಗಳಲ್ಲಿ ಹಾದು ಸುತ್ತಲಿನ ನೀರನ್ನು ಕಾಯಿಸುತ್ತದೆ. ಮುಂದಿನ ಚಕ್ರಗಳ ಹತ್ತಿರ, ಎರಡೂ ಪಕ್ಕ, ದಪ್ಪ ಸಿಲಿಂಡರ್ ಕಾಣುತ್ತದೆ. ಉಗಿ ಪಿಸ್ಟನ್ನನ್ನು ಹಿಂದಕ್ಕೂ ಮುಂದಕ್ಕೂ ತಳ್ಳುತ್ತದೆ, ರಾಡು ಚಕ್ರ ತಿರುಗಿಸುತ್ತದೆ. ಕೆಲಸ ಮುಗಿಸಿದ ಉಗಿ ಚಿಮಣಿಯಿಂದ ಹಾರುತ್ತದೆ, ಹೋಗುವಾಗ ಹೊಗೆಯನ್ನೂ ಎಳೆದುಕೊಂಡು ಹೋಗಿ ಬೆಂಕಿಗೆ ಗಾಳಿ ಒದಗಿಸುತ್ತದೆ. ಏರಿನಲ್ಲಿ ಎಂಜಿನ್ ಜಾಸ್ತಿ ದುಡಿದಷ್ಟೂ ಬೆಂಕಿ ತಾನೇ ಜೋರಾಗುತ್ತದೆ, ಎಷ್ಟು ಚಂದದ ಲೆಕ್ಕ ಅಲ್ವಾ?

ನಾವು ಚುಕುಬುಕು ಅನ್ನುವುದು ಈ ಹಾರುವ ಉಗಿಯ ಸದ್ದನ್ನೇ. ಎರಡು ಸಿಲಿಂಡರ್, ಒಂದೊಂದಕ್ಕೂ ಎರಡು ಹೊಡೆತ. ದೊಡ್ಡ ಚಕ್ರ ಒಂದು ಸುತ್ತು ಬಂದರೆ ನಾಲ್ಕು ಸದ್ದು. ಮಕ್ಕಳಿಗೆ ಚಕ್ರದ ಮುಂದೆ ನಿಲ್ಲಿಸಿಯೇ ಇದನ್ನು ಹೇಳಿ.

ಪುಟಾಣಿ ರೈಲು, ಚಾಮುಂಡಿ ಗ್ಯಾಲರಿಯ ಚಿತ್ರಗಳು ಆಮೇಲೆ ಇರಲಿ. ಶ್ರೀರಂಗ ಮಂಟಪದಲ್ಲಿರುವ 1899ರ ಮಹಾರಾಣಿ ಸಲೂನ್, ಅಂದರೆ ಮಹಾರಾಣಿಯ ರೈಲು ಬೋಗಿ, ಮಾತ್ರ ಎಂಜಿನ್ ನೋಡಿದ ಮೇಲೆಯೇ ನೋಡಿ. ಅದರಲ್ಲಿ ಅಡುಗೆಮನೆ, ಊಟದ ಜಾಗ ಎಲ್ಲ ಇದೆ. ಅಂಥ ಗಾಡಿಗಳನ್ನು ಎಳೆದ ಎಂಜಿನ್‌ನಲ್ಲೂ ಒಬ್ಬ ಫೈರ್‌ಮನ್ ನಿಂತೇ ಕಲ್ಲಿದ್ದಲು ಎರಚುತ್ತಿದ್ದ.