ಆರೋಪಿ ವಿಚಾರಣೆ ಎದುರಿಸೋ ಸ್ಥಿತೀಲಿ ಇದಾನಾ? ನೋಡೋದು ಹೀಗೆ

ಆರೋಪಿಯನ್ನ ಮಾನಸಿಕ ಪರೀಕ್ಷೆಗೆ ಕಳಿಸಿದ್ರು ಅಂತ ಸುದ್ದಿ ಬಂದ್ರೆ ಸಾಕು, ಹುಚ್ಚನ ಥರ ನಾಟಕ ಆಡಿ ತಪ್ಪಿಸ್ಕೊಳ್ತಾನೆ ಬಿಡ್ರಿ ಅಂತಾರೆ ಜನ. ಇಲ್ಲಿ ಎರಡು ಪ್ರಶ್ನೆ ಕಲಸುಮೇಲೋಗರ ಆಗಿದೆ. ಅಪರಾಧ ನಡೆದ ಹೊತ್ತಲ್ಲಿ ಅವನ ಬುದ್ಧಿ ಸ್ಥಿಮಿತದಲ್ಲಿತ್ತಾ ಅನ್ನೋದು ಒಂದು. ಇವತ್ತು ಕೋರ್ಟಲ್ಲಿ ನಡೆಯೋದು ಅವನಿಗೆ ತಿಳಿಯುತ್ತಾ, ವಕೀಲರ ಜೊತೆ ಕೂತು ತನ್ನ ಕೇಸಿನ ಬಗ್ಗೆ ಮಾತಾಡೋಕಾಗುತ್ತಾ ಅನ್ನೋದು ಇನ್ನೊಂದು. ನಾವು ನೋಡ್ತಿರೋದು ಈ ಎರಡನೇದು ಮಾತ್ರ.

ಪರೀಕ್ಷೆ ಮಾಡೋ ಮನೋತಜ್ಞರು ಮೊದಲು ಕೋರ್ಟ್ ಆರ್ಡರ್ ಸರಿಯಾಗಿ ಓದ್ಕೋಬೇಕು, ಕೇಳಿದ್ದಕ್ಕಷ್ಟೇ ಉತ್ತರ.

ಆಮೇಲೆ ಆರೋಪಿ ಎದುರು ಕೂತಾಗ ಬಾಯಿಬಿಟ್ಟು ಹೇಳ್ಬೇಕು: ನಾನು ನಿಮಗೆ ಟ್ರೀಟ್‌ಮೆಂಟ್ ಕೊಡೋಕೆ ಬಂದಿಲ್ಲ, ನೀವು ಹೇಳಿದ್ದು ರಿಪೋರ್ಟಲ್ಲಿ ಕೋರ್ಟಿಗೆ ಹೋಗಬಹುದು ಅಂತ. ಹೇಳಿ, ಈಗ ನಾನೇನಂದೆ ನಿಮ್ಮ ಮಾತಲ್ಲಿ ಹೇಳಿ ಅಂತ ಕೇಳಿ. ನಿಜ ಹೇಳ್ಬೇಕಂದ್ರೆ ಪರೀಕ್ಷೆ ಶುರುವಾಗೋದೇ ಅಲ್ಲಿಂದ.

ಹಳೇ ಆಸ್ಪತ್ರೆ ದಾಖಲೆ, ಮನೆಯವರ ಮಾತು, ಜೈಲು ಸಿಬ್ಬಂದಿ ಕಂಡಿದ್ದು, ಇವನ್ನೆಲ್ಲ ತರಿಸ್ಕೊಳ್ಳಿ.

ಸಂದರ್ಶನವೇ ಇದರ ಜೀವಾಳ. ಇವತ್ತು ಯಾವ ವಾರ, ಇದು ಯಾವ ಊರು ಅಂತ ಕೇಳಿ ಮುಗಿಸಿದ್ರೆ ಆಗಲ್ಲ. ಅಮೆರಿಕದಲ್ಲಿ ಮಿಲ್ಟನ್ ಡಸ್ಕಿ ಅನ್ನೋನ ಕೇಸಲ್ಲಿ 1960ರಲ್ಲೇ ಸುಪ್ರೀಂ ಕೋರ್ಟ್ ಇದನ್ನ ಹೇಳಿದೆ, ದಿನ ಜಾಗ ಗೊತ್ತಿದ್ದು ಘಟನೆ ಒಂದಿಷ್ಟು ನೆನಪಿದ್ರೆ ಸಾಲದು, ವಕೀಲರ ಜೊತೆ ವಿವೇಚನೆಯಿಂದ ಮಾತಾಡೋ ಶಕ್ತಿ ಈಗ ಇರ್ಬೇಕು ಅಂತ. ಜಡ್ಜ್ ಕೆಲಸ ಏನು, ತಪ್ಪೊಪ್ಕೊಂಡ್ರೆ ಏನಾಗುತ್ತೆ ಅಂತ ಕೇಳಿ. ಗೊತ್ತಿಲ್ಲ ಅಂದ್ರೆ ಹೇಳ್ಕೊಡಿ, ಅರ್ಧ ಗಂಟೆ ಬಿಟ್ಟು ಮತ್ತೆ ಕೇಳಿ. ಕೋರ್ಟ್ ಮೆಟ್ಟಿಲು ಹತ್ತದೇ ಇರೋರಿಗೆ ಇದೆಲ್ಲ ಗೊತ್ತಿಲ್ಲದೇ ಇರೋದು ಕಾಯಿಲೆ ಅಲ್ಲ, ಹೇಳ್ಕೊಟ್ರೂ ನಿಲ್ಲಲಿಲ್ಲ ಅಂದ್ರೆ ಯೋಚ್ನೆ ಮಾಡ್ಬೇಕು. ಬುದ್ಧಿಮಾಂದ್ಯತೆ ಇರೋರಲ್ಲಿ ಕೆಲವರು ಕೇಳಿದ್ದಕ್ಕೆಲ್ಲ ಹೂಂ ಅಂತಾರೆ, ಅದೇ ಪ್ರಶ್ನೆ ಉಲ್ಟಾ ಮಾಡಿ ಕೇಳಿದ್ರೂ ಹೂಂ. ಇನ್ನು ಕೆಲವರು ಎಲ್ಲಾ ಪ್ರಶ್ನೆಗೂ ಪಟಪಟ ಅಂತ ಸರಿಯಾಗೇ ಹೇಳ್ತಾರೆ, ಕೊನೇಲಿ ಮೆಲ್ಲಗೆ, ನನ್ನ ವಕೀಲರೇ ನನಗೆ ವಿಷ ಹಾಕೋಕೆ ಬಂದಿರೋದು ಸಾರ್ ಅಂತಾರೆ. ಅಂಥ ಭ್ರಮೆ ಗಟ್ಟಿಯಾಗಿದ್ರೆ ಅವರು ಆ ವಕೀಲರಿಗೆ ಏನು ತಾನೆ ಹೇಳ್ತಾರೆ?

ನಾಟಕದ ವಿಷಯಕ್ಕೆ ಬರೋಣ. ಒಂದು ಟೆಸ್ಟಲ್ಲಿ 50 ಚಿತ್ರ ತೋರಿಸ್ತಾರೆ, ಆಮೇಲೆ ಎರಡೆರಡು ಇಟ್ಟು ನೋಡಿದ್ದು ಯಾವ್ದು ಅಂತ ಕೇಳ್ತಾರೆ. ಕಣ್ಮುಚ್ಚಿ ಬೆರಳಿಟ್ರೂ ಹೆಚ್ಚುಕಮ್ಮಿ 25 ಸರಿ ಬರುತ್ತೆ. ಯಾರಿಗೋ 12 ಬಂತು ಅಂದ್ರೆ ಸರಿ ಉತ್ತರ ಗೊತ್ತಿದ್ದೇ ತಪ್ಪಿಸ್ತಿದಾನೆ ಅಂತ ಅನುಮಾನ ಬರುತ್ತೆ. ಆದ್ರೂ ಇದೊಂದನ್ನೇ ಹಿಡ್ಕೊಂಡು ತೀರ್ಮಾನ ಮಾಡ್ಬೇಡಿ, ನಿಜವಾಗ್ಲೂ ಕಾಯಿಲೆ ಇರೋರೂ ಭಯಕ್ಕೆ ಒಂದಿಷ್ಟು ಜಾಸ್ತಿ ತೋರಿಸ್ಕೊಳ್ತಾರೆ. ವಿಚಾರಣೆ ನಿಲ್ಲಿಸೋಕೆ ಘಟನೆ ನೆನಪಿಲ್ಲ ಅನ್ನೋದೊಂದೇ ಕಾರಣ ಸಾಲಲ್ಲ, 1959ರಲ್ಲಿ ಲಂಡನ್‌ನಲ್ಲಿ ಪೊಲೀಸ್ ಅಧಿಕಾರಿಯನ್ನ ಕೊಂದ ಗುಂಟರ್ ಪೊಡೋಲಾ ಹಾಗೇ ಹೇಳಿದ್ದ, ಜ್ಯೂರಿ ನಂಬಲಿಲ್ಲ.

ರಿಪೋರ್ಟಲ್ಲಿ ರೋಗದ ಹೆಸರು ಬರೆದು ಕೈ ತೊಳ್ಕೋಬೇಡಿ, ಆ ರೋಗದಿಂದ ಕೋರ್ಟಿನ ಯಾವ ಕೆಲಸ ಅವನ ಕೈಲಿ ಆಗ್ತಿಲ್ಲ ಅಂತ ಬಿಡಿಸಿ ಬರೀರಿ. ಅಪರಾಧದ ಬಗ್ಗೆ ಅವನು ಬಾಯಿಬಿಟ್ಟಿದ್ದನ್ನ ಅದ್ರಲ್ಲಿ ತುರುಕೋದು ದೊಡ್ಡ ತಪ್ಪು. ವಿಚಾರಣೆ ಎದುರಿಸೋಕೆ ಅರ್ಹನೋ ಅಲ್ವೋ ಅನ್ನೋ ತೀರ್ಪು ಕೋರ್ಟಿಂದು.

ಅರ್ಹ ಅಲ್ಲ ಅಂದ ತಕ್ಷಣ ಬಿಡುಗಡೆ ಅಂತಲ್ಲ, ಸಾಮಾನ್ಯವಾಗಿ ಕೇಸು ನಿಲ್ಲುತ್ತೆ, ಔಷಧಿ, ಕೋರ್ಟ್ ಬಗ್ಗೆ ಪಾಠ ಎಲ್ಲಾ ಆದ್ಮೇಲೆ ಮತ್ತೆ ಪರೀಕ್ಷೆ. ಎಷ್ಟು ದಿನ? ಥಿಯಾನ್ ಜಾಕ್ಸನ್ ಅನ್ನೋನಿಗೆ ಕಿವಿ ಕೇಳ್ತಿರಲಿಲ್ಲ, ಮಾತು ಬರ್ತಿರಲಿಲ್ಲ, ಓದು ಬರಹ ಇಲ್ಲ, ಎರಡು ಕೇಸು ಸೇರಿ ಕದ್ದಿದ್ದು 9 ಡಾಲರ್ ಬೆಲೇದು. ಅವನು ಸುಧಾರಿಸೋ ಲಕ್ಷಣವೇ ಇರಲಿಲ್ಲ, ಹಾಗಾಗಿ ಒಳಗೇ ಉಳ್ಕೊಂಡ. 1972ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ವಿಚಾರಣೆಗೆ ಅರ್ಹ ಅಲ್ಲ ಅನ್ನೋ ಒಂದೇ ಕಾರಣಕ್ಕೆ ಹಿಂಗೆ ಕೊನೆಯಿಲ್ಲದೆ ಕೂಡಿಹಾಕೋಂಗಿಲ್ಲ ಅಂತು. ಅದಕ್ಕೇ ಅವನು ಸರಿಹೋಗ್ತಾನಾ, ಎಷ್ಟು ಟೈಮ್ ಬೇಕಾಗಬಹುದು ಅನ್ನೋದನ್ನೂ ರಿಪೋರ್ಟಿನ ಕೊನೇಲಿ ಬರೀಬೇಕು.