ಗೋಡೆಯೊಳಗಿನ ಮೀನು, ಗೋಡೆ ಹಿಂದಿನ ಕೈ

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅಪ್ಪ ಒಂದು ಭಾನುವಾರ ಮುಂಬೈಯ ಮರೀನ್ ಡ್ರೈವಿನ ತಾರಾಪೋರ್‌ವಾಲಾ ಅಕ್ವೇರಿಯಂಗೆ ಕರೆದುಕೊಂಡು ಹೋಗಿದ್ದರು. ಫೋರ್ಟಿನ ಉಡುಪಿ ಹೋಟೆಲೊಂದರಲ್ಲಿ ಕ್ಯಾಷಿಯರ್ ಆಗಿದ್ದ ಅವರಿಗೆ ಭಾನುವಾರ ಮಾತ್ರ ರಜೆ. 1951ರಲ್ಲಿ ಶುರುವಾದ ಆ ಅಕ್ವೇರಿಯಂನ ಮೀನುಗಳು ನನಗೆ ಈಗ ಅಷ್ಟಾಗಿ ನೆನಪಿಲ್ಲ. ಒಂದು ಗಾಜಿನ ಹಿಂದೆ ಮೇಲಿನಿಂದ ಒಂದು ಕೈ ಇಳಿದು ಬಂತು, ಗಾಜು ಉಜ್ಜಿ ಮತ್ತೆ ಮೇಲೆ ಹೋಯಿತು. ಅದು ಮಾತ್ರ ಚೆನ್ನಾಗಿ ನೆನಪಿದೆ.

ಮುಲುಂಡಿನ ನಮ್ಮ ಫ್ಲ್ಯಾಟಿನಲ್ಲಿ ಹಾಲ್ ಮತ್ತು ಸಣ್ಣ ರೂಮಿನ ಮಧ್ಯದ ಗೋಡೆಯಲ್ಲಿ ಅಕ್ವೇರಿಯಂ ಕೂರಿಸಲು ಹೊರಟಾಗ ನಾನು ಮರೆತದ್ದು ಆ ಕೈಯನ್ನೇ. ಹಾಲಿನಿಂದ ಹೇಗೆ ಕಾಣಬೇಕು ಅಂತ ಚಂದದ ಚಿತ್ರ ಬರೆದಿದ್ದೆ. ಹೆಂಡತಿ ನೋಡಿ, "ಎಲ್ಲ ಸರಿ, ಕೈ ಎಲ್ಲಿಂದ ಹಾಕ್ತೀರಿ?" ಅಂದಳು. "ಮೇಲಿಂದ" ಅಂದೆ. "ಮೇಲೆ ಏನಿದೆ?" ಮೇಲೆ ಗೋಡೆ ಇತ್ತು.

ಚಿತ್ರ ಹರಿದು ಹಾಕಿ ಸಣ್ಣ ರೂಮಿನ ಕಡೆಯಿಂದ ಲೆಕ್ಕ ಶುರು ಮಾಡಿದೆ. ಟ್ಯಾಂಕ್ ಪೂರ್ತಿ ಆ ರೂಮಿನಲ್ಲೇ, ತನ್ನದೇ ಕಬ್ಬಿಣದ ಸ್ಟ್ಯಾಂಡಿನ ಮೇಲೆ ನಿಲ್ಲಬೇಕು. ಗೋಡೆಯಲ್ಲಿ ಬರೀ ಕಿಟಕಿ. ಗೋಡೆಯ ಮೇಲೆ ಒಂದು ಕೆಜಿ ಭಾರವೂ ಬೀಳಬಾರದು.

ಎತ್ತರ ಎರಡೂವರೆ ಅಡಿ ಇರಲಿ ಅಂತ ಆಸೆಯಿತ್ತು. ಬಾತ್‌ರೂಮಿನ ನೀರಿನ ಡ್ರಮ್ಮಿಗೆ ಕೈ ಇಳಿಸಿ ನೋಡಿದೆ. ಎರಡಡಿಗೆ ನೀರು ಕಂಕುಳಿಗೆ ಬಂತು. ಅಲ್ಲಿಗೆ ಎತ್ತರ ಎರಡಡಿ ಅಂತ ತೀರ್ಮಾನವಾಯಿತು. ಇನ್ನೊಂದು ವಿಷಯ, ಗಾಜಿನ ಮೇಲಿನ ಒತ್ತಡ ಏರುವುದು ನೀರು ಆಳವಾದಷ್ಟು. ಹಾಗಾಗಿ ಎತ್ತರ ಏರಿಸಿದರೆ ಗಾಜೂ ದಪ್ಪ ಬೇಕು, ದುಡ್ಡೂ ಜಾಸ್ತಿ.

ಕೊನೆಗೆ ಗೊತ್ತಾದ ಅಳತೆ ಉದ್ದ 120, ಅಗಲ 45, ಎತ್ತರ 60 ಸೆಂ.ಮೀ. ಗುಣಿಸಿದರೆ 324 ಲೀಟರ್. ಕಂಠದವರೆಗೆ ತುಂಬಿಸುವುದಿಲ್ಲವಾದ್ದರಿಂದ 300 ಅಂತಿಟ್ಟುಕೊಳ್ಳಿ, ಅಂದರೆ ನೀರೇ 300 ಕೆಜಿ. 12 ಮಿ.ಮೀ. ಗಾಜು ಸುಮಾರು 75 ಕೆಜಿ. ಜಲ್ಲಿ, ಕಲ್ಲು, ಸ್ಟ್ಯಾಂಡ್ ಸೇರಿದರೆ 450 ದಾಟುತ್ತದೆ. ಆರೇಳು ಮಂದಿ ಒಬ್ಬರಿಗೊಬ್ಬರು ಅಂಟಿಕೊಂಡು ಹಗಲೂ ರಾತ್ರಿ ಒಂದೇ ಕಡೆ ನಿಂತ ಹಾಗೆ.

ಈ ಜಾಗದಲ್ಲಿ ಅಂದಾಜು ಬೇಡ. ಸ್ಟ್ರಕ್ಚರಲ್ ಇಂಜಿನಿಯರ್ ಒಬ್ಬರನ್ನು ಕರೆಸಿದೆ. ವಾಸದ ಮನೆಯ ಸ್ಲ್ಯಾಬನ್ನು ಸಾಮಾನ್ಯವಾಗಿ ಚದರ ಮೀಟರಿಗೆ 200 ಕೆಜಿ ಲೆಕ್ಕದಲ್ಲಿ ಮಾಡಿರುತ್ತಾರೆ. ನನ್ನ ಟ್ಯಾಂಕ್ ಅರ್ಧ ಚದರ ಮೀಟರಿನಲ್ಲೇ 450 ಕೆಜಿ ಇಡುತ್ತದೆ. ಅವರು ಕಟ್ಟಡದ ನಕ್ಷೆ ನೋಡಿದರು, ಗೋಡೆ ತಟ್ಟಿದರು. ಅದು ನಾಲ್ಕಿಂಚಿನ ಇಟ್ಟಿಗೆ ಗೋಡೆ, ಭಾರ ಹೊರುವುದಲ್ಲ. ಅದರ ಅಡಿಯಲ್ಲೇ ಬೀಮ್ ಹೋಗಿದೆ. "ರೂಮಿನ ನಡುವೆ ಬೇಡ. ಗೋಡೆಗೆ ತಾಗಿಸಿ, ಕಾಲಂ ಹತ್ತಿರ ಇಡಿ" ಅಂತ ಬರೆದುಕೊಟ್ಟರು. ಆ ಕಾಗದ ತೋರಿಸಿದ ಮೇಲೆ ಸೊಸೈಟಿಯ ಎನ್‌ಓಸಿ (ಒಪ್ಪಿಗೆ ಪತ್ರ) ಸಿಕ್ಕಿತು. ಹೊಸ ಟವರುಗಳಲ್ಲಿ ಎಷ್ಟೋ ಕಡೆ ಗೋಡೆಯೇ ಕಾಂಕ್ರೀಟು, ಅದೇ ಕಟ್ಟಡವನ್ನು ಹೊತ್ತಿರುತ್ತದೆ. ಅಲ್ಲಿದ್ದರೆ ಈ ಆಸೆಯನ್ನೇ ಬಿಡುತ್ತಿದ್ದೆ.

ಗಾರೆಯವರು ಮೊದಲು ಮೇಲೆ ಲಿಂಟೆಲ್, ಅಂದರೆ ಮೇಲಿನ ಇಟ್ಟಿಗೆ ಹೊರುವ ಅಡ್ಡ ತೊಲೆ, ಕೂರಿಸಿ, ಆಮೇಲೆ ಅದರಡಿಯ ಇಟ್ಟಿಗೆ ತೆಗೆದರು. ಕಿಟಕಿಯನ್ನು ಟ್ಯಾಂಕಿಗಿಂತ ಎಲ್ಲ ಕಡೆ ಒಂದೂವರೆ ಇಂಚು ಚಿಕ್ಕದು ಮಾಡಿಸಿದೆ. ಮೇಲಿನ ನೀರಿನ ಗೆರೆ, ಕೆಳಗಿನ ಜಲ್ಲಿಯ ಕೊಳೆ ಎರಡೂ ಚೌಕಟ್ಟಿನ ಹಿಂದೆ ಅಡಗುತ್ತವೆ. ಕಿಟಕಿಯ ಮಧ್ಯಭಾಗ ನೆಲದಿಂದ ಮೂರೂಕಾಲು ಅಡಿ ಎತ್ತರದಲ್ಲಿ, ಸೋಫಾದಲ್ಲಿ ಕೂತವರ ಕಣ್ಣಿಗೆ ನೇರ. ಇದರಿಂದ ಆಚೆ ಕಡೆ ನಾನು ಸ್ಟೂಲ್ ಹತ್ತಿಯೇ ಕೆಲಸ ಮಾಡಬೇಕು. ಇರಲಿ.

ಸ್ಟ್ಯಾಂಡಿಗೆ ಮಟ್ಟ ಹಿಡಿಯುವಾಗ ನಮ್ಮ ನೆಲ ಒಂದು ಕಡೆ ಆರು ಮಿ.ಮೀ. ಇಳಿದಿರುವುದು ಗೊತ್ತಾಯಿತು. ಸ್ಟ್ಯಾಂಡಿನ ಕಾಲಿನಡಿ ಕಬ್ಬಿಣದ ಪಟ್ಟಿ ಕೊಟ್ಟು ಸರಿ ಮಾಡಿದೆವು. ಗಾಜಿನಡಿ ತುಂಡು ಸಿಕ್ಕಿಸಿ ಎತ್ತಲು ಹೋಗಬೇಡಿ, ಒಂದೇ ಕಡೆ ಒತ್ತಡ ಬಿದ್ದು ಬಿರುಕು ಬಿಡುತ್ತದೆ. ಗಾಜಿನಡಿ ಪೂರ್ತಿ ಒಂದೇ ಥರ್ಮೊಕೋಲ್ ಹಾಸು. ಟ್ಯಾಂಕ್ ತರುವ ಮೊದಲು ಅದೇ ಅಳತೆಯ ರಟ್ಟಿನ ಪೆಟ್ಟಿಗೆ ಹೊತ್ತು ಮೆಟ್ಟಿಲಿನ ತಿರುವು ದಾಟಿ ನೋಡಿದ್ದೆ. ವಾಚ್‌ಮನ್ ನಕ್ಕ. ಟ್ಯಾಂಕ್ ಬಂದ ದಿನ ನಾಲ್ಕು ಮಂದಿ ಎಲ್ಲೂ ನಿಲ್ಲದೆ ಮೇಲೆ ತಂದರು. ನೀರು ತುಂಬಿ, ಅಡಿಯಲ್ಲಿ ನ್ಯೂಸ್‌ಪೇಪರ್ ಹಾಸಿ ಒಂದು ವಾರ ಬಿಟ್ಟೆ. ಪೇಪರ್ ಒಣಗೇ ಇತ್ತು.

ಇಷ್ಟೆಲ್ಲ ಮಾಡಿಯೂ ಎಡವಿದೆ. ಜಾಗ ಸುಮ್ನೆ ಯಾಕೆ ಹಾಳು ಅಂತ ಟ್ಯಾಂಕಿನ ಮೇಲೆ ಬಡಗಿಯಿಂದ ಲಾಫ್ಟ್ ಮಾಡಿಸಿದ್ದೆ. ಮಧ್ಯೆ ಎಂಟಿಂಚು ಬಿಟ್ಟಿದ್ದೆ. ಬರಿಗೈ ಹೋಗುತ್ತದೆ, ಗಾಜು ಕೆರೆಯುವ ಕೋಲು ಹೋಗುವುದಿಲ್ಲ. ಬೆಂಡೇಕಾಯಿಯಂತೆ ಬಾಗಿ ಒಂದು ವರ್ಷ ಕಳೆದೆ. ಜುಲೈನಲ್ಲಿ ಲಾಫ್ಟಿನ ಚಾದರಗಳನ್ನು ತೆಗೆದರೆ ಎಲ್ಲಕ್ಕೂ ಹಸಿರು ಬೂಷ್ಟು. ಟ್ಯಾಂಕಿನ ನೀರು ದಿನಾ ಆವಿಯಾಗಿ ನೇರ ಅಲ್ಲಿಗೇ ಏರುತ್ತಿತ್ತು, ಮುಂಬೈ ಮಳೆಗಾಲ ಬೇರೆ. ಪ್ಲೈವುಡ್ಡಿನ ಅಂಚು ನೆನೆದ ರಸ್ಕಿನಂತೆ ಉಬ್ಬಿತ್ತು. ಲಾಫ್ಟ್ ಕಿತ್ತು ಹಾಕಿಸಿದೆ. ಈಗ ಮೇಲೆ ಎರಡಡಿ ಖಾಲಿ, ಬಾಗಿಲುಗಳಿಗೆ ಗಾಳಿಯ ತೂತು, ಮರವೆಲ್ಲ ನೀರು ತಡೆಯುವ ಮರೀನ್ ಪ್ಲೈ.

ಕರೆಂಟಿನ ಬೋರ್ಡು ನೀರಿನ ಮಟ್ಟಕ್ಕಿಂತ ಮೇಲೆ, ಪಕ್ಕಕ್ಕೆ ಇದೆ. ವೈರುಗಳು ಒಮ್ಮೆ ಕೆಳಗೆ ಜೋತು ಬಿದ್ದು ಆಮೇಲೆ ಪ್ಲಗ್ಗಿಗೆ ಏರುತ್ತವೆ, ಹನಿ ಅಲ್ಲೇ ಕೆಳಗೆ ಬೀಳಲಿ ಅಂತ. ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿಆಂಪ್ ಆರ್‌ಸಿಸಿಬಿ ಸ್ವಿಚ್ಚು ಹಾಕಿಸದೆ ನಾನಂತೂ ನೀರಿಗೆ ಕೈ ಹಾಕುತ್ತಿರಲಿಲ್ಲ.

ವಾರಕ್ಕೆ ಕಾಲು ಭಾಗ ನೀರು ಬದಲಿಸಬೇಕು. ಅಂದರೆ 75 ಲೀಟರ್, ದೊಡ್ಡ ಬಕೆಟಿನಲ್ಲಿ ಐದು. ಪಕ್ಕದ ಗೋಡೆಯಾಚೆ ಬಾತ್‌ರೂಮ್ ಇದ್ದದ್ದು ಅದೃಷ್ಟ. ಗೋಡೆ ಒಡೆದಾಗಲೇ ಅಲ್ಲಿಗೊಂದು ಪೈಪ್ ಕೊರೆಸಿದ್ದೆ, ಹಳೇ ನೀರು ಅದರಲ್ಲೇ ಹೋಗುತ್ತದೆ. ಹೊಸ ನೀರು ಡ್ರಮ್ಮಿನಿಂದ. ಮುನಿಸಿಪಾಲಿಟಿ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಡ್ರಮ್ಮಿಗೇ ಆಂಟಿಕ್ಲೋರಿನ್ ಹನಿ ಹಾಕಿ, ಸಣ್ಣ ಪಂಪಿನಿಂದ ಏರಿಸುತ್ತೇನೆ.

ಮೀನಿಗೆ ಮಾತ್ರ ಅವಸರ ಮಾಡಲಿಲ್ಲ. ಮೀನಿನ ಕೊಳೆಯಿಂದ ಅಮೋನಿಯಾ, ಅದರಿಂದ ನೈಟ್ರೈಟ್, ಅದರಿಂದ ಅಷ್ಟು ವಿಷವಲ್ಲದ ನೈಟ್ರೇಟ್. ಈ ಕೆಲಸ ಮಾಡುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ಬೆಳೆಯಲು ವಾರಗಟ್ಟಲೆ ಬೇಕು. ದಿನಾ ಚೂರು ಮೀನಿನ ಆಹಾರ ಹಾಕಿ ಕೊಳೆಯಲು ಬಿಟ್ಟು, ಟೆಸ್ಟ್ ಕಿಟ್ ಹಿಡಿದು ಐದು ವಾರ ಖಾಲಿ ನೀರು ಕಾದೆ. "ಬರೀ ನೀರು ನೋಡಲಿಕ್ಕೆ ಗೋಡೆ ಒಡೆದದ್ದಾ?" ಅಂತ ಕುಂದಾಪುರದಿಂದ ಬಂದಿದ್ದ ಅತ್ತೆ ಕೇಳಿದರು. ಆಮೇಲೆ ಕ್ರಾಫರ್ಡ್ ಮಾರ್ಕೆಟ್ಟಿನಿಂದ ಐದು ಏಂಜೆಲ್ ಮೀನು, ತಳದಲ್ಲಿ ಓಡಾಡುವ ಎಂಟು ಕೋರಿಡೋರಸ್ ಮೀನು ತಂದೆ. ಚಂದ ಅಂತ ಒಮ್ಮೆ ನಿಯಾನ್ ಟೆಟ್ರಾ ಅನ್ನುವ ಪುಟ್ಟ ಮೀನುಗಳನ್ನೂ ಬಿಟ್ಟೆ. ಏಂಜೆಲ್‌ಗಳು ಬೆಳೆದಂತೆ ಅವು ಒಂದೊಂದೇ ಕಾಣೆಯಾದವು.

ಈಗ ಭಾನುವಾರ ಬೆಳಿಗ್ಗೆ ನಾನು ಸ್ಟೂಲ್ ಮೇಲೆ, ಮಗಳು ಹಾಲಿನಲ್ಲಿ. ಹಾಲಿನ ಕಡೆಯ ಗಾಜಿನ ಪಾಚಿ ಹಿಂದಿನಿಂದ ಸರಿಯಾಗಿ ಕಾಣುವುದಿಲ್ಲ, ಅವಳೇ ಹೇಳಬೇಕು. "ಅಪ್ಪಾ, ಎಡಕ್ಕೆ" ಅನ್ನುತ್ತಾಳೆ. ಎದುರುಬದುರು ನಿಂತಿರುವುದರಿಂದ ಅವಳ ಎಡ ನನ್ನ ಬಲ. ಸುಮಾರು ಜಗಳವಾದ ಮೇಲೆ ಎಡ ಬಲ ಬಿಟ್ಟಿದ್ದೇವೆ. "ಟಿವಿ ಕಡೆಗೆ", "ಬಾಗಿಲ ಕಡೆಗೆ" ಅಂತಾಳೆ, ನನ್ನ ಕೈ ಹೋಗುತ್ತದೆ.